ಕಾವೇರೀತೀರದ ಕಾಲುದಾರಿಗಳು

ಯಾತ್ರೆಯೆಂಬ ಶಬ್ದಕ್ಕೆ ಮೂಲದಲ್ಲಿ ಹೋಗುವುದು ಎಂದಿಷ್ಟೇ ಅರ್ಥ. ಹೋಗಿ ಒಂದು ಸ್ಥಳವನ್ನು ಮುಟ್ಟುವುದು ಎಂಬ ಭಾವವು ಅದಕ್ಕೆ ಆಮೇಲೆ ಸೇರಿಕೊಂಡಿತು. ಈಚೆಗಂತೂ ಮುಟ್ಟುವುದೇ ಪ್ರಧಾನವಾಗಿ, ಹೋಗುವುದು ತೀರ ಗೌಣವಾಗಿಬಿಟ್ಟಿದೆ. ಬೆಳಗ್ಗೆ ಆರು ಗಂಟೆಗೆ ಕಾರನ್ನು ಹತ್ತಿ ಸಂಜೆಯೊಳಗೆ ನಾಲ್ಕು ದೇವಸ್ಥಾನ, ಒಂದು ಅರಮನೆ, ಒಂದು ಅಣೆಕಟ್ಟುಗಳನ್ನು ‘ಮುಗಿಸಿಕೊಂಡು’ ಬಂದೆವೆಂದು ಹೇಳುವ ಕುಟುಂಬಗಳನ್ನು ನಾವು ನಿತ್ಯವೂ ಕಾಣುತ್ತಿರುವೆವು. ಏನನ್ನು ನೋಡಿದಿರೆಂದು ಕೇಳಿದರೆ ಮೊಬೈಲನ್ನು ತೆಗೆದು ಚಿತ್ರಗಳನ್ನು ತೋರಿಸುವರು. ಆ ಊರಿಗೂ ಈ ಊರಿಗೂ ನಡುವೆ ಯಾವ ಬೆಳೆಯಿತ್ತು, ಯಾವ ಮರವಿತ್ತು, ದಾಟಿದ ಹೊಳೆ ಯಾವುದು ಎಂದರೆ ಅವರಲ್ಲಿ ಉತ್ತರವಿರುವುದಿಲ್ಲ. ಇದು ಅವರ ದೋಷವಲ್ಲ. ಗಂಟೆಗೆ ಅರವತ್ತು ಮೈಲಿಯ ವೇಗದಲ್ಲಿ ಹೊಂಗೆಯ ಹೂವು ಯಾರ ಕಣ್ಣಿಗೂ ಬೀಳಲಾರದು.

ನಮ್ಮ ಹಿಂದಿನವರು ನಡಿಗೆಗೆ ಕೊಟ್ಟಿದ್ದ ಸ್ಥಾನವು ಬೇರೆಯಾಗಿತ್ತು. ಐತರೇಯ ಬ್ರಾಹ್ಮಣದಲ್ಲಿ ಬರುವ ಶುನಃಶೇಪನ ಆಖ್ಯಾನವನ್ನು ಬಲ್ಲವರು ಇದನ್ನು ನೆನೆಯಬಹುದು. ಹರಿಶ್ಚಂದ್ರನ ಮಗನಾದ ರೋಹಿತನು ಅರಣ್ಯವನ್ನು ಸೇರಿ, ವರ್ಷಕ್ಕೊಮ್ಮೆ ಊರಿಗೆ ಹಿಂದಿರುಗಲು ಹೊರಟಾಗಲೆಲ್ಲ ಇಂದ್ರನು ಬ್ರಾಹ್ಮಣವೇಷದಿಂದ ಎದುರಾಗಿ, ಕುಳಿತವನ ಭಾಗ್ಯವೂ ಕುಳಿತಿರುವುದೆಂದು ತಿಳಿಯಹೇಳಿ, ನಡೆಯುತ್ತಲೇ ಇರೆಂದು ಉಪದೇಶಿಸುವನು. ಈ ಉಪದೇಶವು ಅರಣ್ಯದಲ್ಲಿ ಅಲೆಯುವ ರಾಜಪುತ್ರನಿಗೆ ಮಾತ್ರವಲ್ಲ, ಮನೆಯಲ್ಲಿ ಕುಳಿತು ಮಂಡಿ ಹಿಡಿದುಕೊಂಡಿರುವ ನಮಗೂ ಸಲ್ಲುವಂತಹುದೇ.

ಆದರೆ ನಡಿಗೆಯೆಂದೊಡನೆ ಕೆಲವರಿಗೆ ಭಯ. ಬೆಟ್ಟವನ್ನೇರುವುದು, ಕಾಡನ್ನು ಹೊಗುವುದು, ಬೆನ್ನಮೇಲೆ ಹೊರೆಯನ್ನು ಹೊತ್ತು ದಿನಗಟ್ಟಲೆ ಅಲೆಯುವುದು ತರುಣರಿಗೆ ಶೋಭಿಸುವ ಸಾಹಸವೆಂದು ಅವರು ಹಿಂಜರಿಯುವರು. ನಾವು ಇಲ್ಲಿ ಹೇಳಹೊರಟಿರುವುದು ಅಂತಹುದಲ್ಲ. ಅಜ್ಜಿಯೂ ಮೊಮ್ಮಗಳೂ ಒಬ್ಬರ ಕೈಯನ್ನೊಬ್ಬರು ಹಿಡಿದು ಹೋಗಬಹುದಾದ, ಏರಿಳಿತಗಳಿಲ್ಲದ, ನೆರಳೂ ನೀರೂ ಜೊತೆಗಿರುವ ನಡಿಗೆಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ನಮಗೆ ಚೆನ್ನಾಗಿ ಪರಿಚಿತವಾದ ಶ್ರೀರಂಗಪಟ್ಟಣದ ಸುತ್ತಣ ಕಾವೇರೀ ಕಣಿವೆಯನ್ನು ಓದುಗರ ಮುಂದೆ ಇಡುವೆವು.

ನದೀಮಾತೃಕ ಭೂಮಿ

ಸಂಸ್ಕೃತದಲ್ಲಿ ಭೂಮಿಯನ್ನು ಎರಡು ಬಗೆಯಾಗಿ ವಿಂಗಡಿಸುವ ಒಂದು ಸೊಗಸಾದ ಕ್ರಮವುಂಟು. ಮಳೆಯನ್ನೇ ನಂಬಿ ಬೆಳೆಯುವ ನೆಲವು ದೇವಮಾತೃಕ. ನದಿಯ ನೀರಿನಿಂದ ಬೆಳೆಯುವ ನೆಲವು ನದೀಮಾತೃಕ. ಮೊದಲನೆಯದಕ್ಕೆ ಮೇಘವೇ ತಾಯಿ, ಎರಡನೆಯದಕ್ಕೆ ನದಿಯೇ ತಾಯಿ. ತರಗತಿಯಲ್ಲಿ ಈ ಶಬ್ದಗಳನ್ನು ಮೂವತ್ತು ವರ್ಷ ಪಾಠ ಹೇಳಿದರೂ ಅವುಗಳ ಭೇದವು ಕಣ್ಣಿಗೆ ಕಟ್ಟಬೇಕಾದರೆ ಒಮ್ಮೆ ನಾಲೆಯ ಏರಿಯ ಮೇಲೆ ನಡೆಯಬೇಕು. ಏರಿಯ ಕೆಳಗಣ ಪಕ್ಕದಲ್ಲಿ ನೀರು ಹರಿದು ಬತ್ತ, ಕಬ್ಬು, ತೆಂಗು, ಬಾಳೆಗಳು ಒತ್ತಾಗಿ ಬೆಳೆದಿರುವುವು. ಮೇಲಣ ಪಕ್ಕದಲ್ಲಿ, ಹತ್ತೇ ಹೆಜ್ಜೆಯಾಚೆಗೆ, ರಾಗಿ, ಹುರುಳಿ, ಕುರುಚಲು ಜಾಲಿ. ನಡುವೆ ಇರುವುದು ಒಂದು ನಾಲೆ ಮಾತ್ರ. ಅಮರಸಿಂಹನ ಕೋಶದ ಎರಡು ಶಬ್ದಗಳ ನಡುವಣ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ಯಾವ ಕರಿಹಲಗೆಯ ಮೇಲೂ ಎಳೆಯಲಾಗದು.

ಈ ಸೀಮೆಯ ನಾಲೆಗಳು ಇಂದು ನಿನ್ನೆಯವಲ್ಲ. ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಬಂಗಾರದೊಡ್ಡಿ ನಾಲೆಯನ್ನು ಕಟ್ಟಿಸಿದರು. ಅದು ನದಿಯ ಒಂದು ಕವಲನ್ನು ಕಲ್ಲಿನ ಮೇಲ್ಗಾಲುವೆಯ ಮೂಲಕ ದಾಟಿ ದ್ವೀಪವನ್ನು ಸೇರುವುದು. ನೀರಿನ ಮೇಲೆ ನೀರು ಹರಿಯುವುದನ್ನು ನೋಡಲು ಮಕ್ಕಳಿಗೆ ಬಲು ಸೋಜಿಗ. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರನ್ನು ಎಡದಂಡೆಯ ಚಿಕ್ಕದೇವರಾಯಸಾಗರ ನಾಲೆಯು ಇಂದಿಗೂ ಹೊತ್ತಿದೆ. ಬಲದಂಡೆಯಲ್ಲಿ ಬಲಮುರಿಯ ಕಟ್ಟೆಯಿಂದ ಹೊರಟು ಪಾಲಹಳ್ಳಿಯ ಕಡೆಗೆ ಬರುವುದು ವಿರಿಜಾ ನಾಲೆ. ೧೯೧೧ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷಗಳಷ್ಟು ಕಾಲ ನಡೆದ ಕನ್ನಂಬಾಡಿಯ ಅಣೆಕಟ್ಟಿನ ಕೀರ್ತಿಯೆದುರಿಗೆ ಈ ಹಳೆಯ ನಾಲೆಗಳನ್ನು ನಾವು ಮರೆತಿರುವೆವು. ಆದರೆ ಆ ದೊಡ್ಡ ಕಟ್ಟೆಯು ಬರುವುದಕ್ಕೆ ಎರಡು ಮೂರು ಶತಮಾನಗಳ ಮೊದಲೇ ಇವು ಈ ನೆಲವನ್ನು ನದೀಮಾತೃಕವನ್ನಾಗಿ ಮಾಡಿದ್ದುವು.

ವೃದ್ಧರಿಗೂ ಮಕ್ಕಳಿಗೂ ನಾಲೆಯ ಏರಿಯೇ ಉತ್ತಮವೆಂದು ನಾವು ಹೇಳುವುದಕ್ಕೆ ಒಂದು ಕಾರಣವಿದೆ. ನಾಲೆಯನ್ನು ತೆಗೆಯುವವನು ಅದರ ನೀರು ಹರಿಯುವಷ್ಟು ಮಾತ್ರ ಇಳಿಜಾರನ್ನು ಕೊಡುವನು. ಅದಕ್ಕಿಂತ ಹೆಚ್ಚು ಕೊಟ್ಟರೆ ಪ್ರವಾಹವು ಮಣ್ಣನ್ನು ಕೊರೆಯುವುದಲ್ಲದೆ, ಕಾಲುವೆಯು ಬೇಗನೆ ಕೆಳಕ್ಕಿಳಿದು, ಮೇಲಿನ ಗದ್ದೆಗಳಿಗೆ ನೀರೇ ಏರದೆ ಹೋಗುವುದು. ಆದುದರಿಂದ ದಿಣ್ಣೆ ಬಂದರೆ ನಾಲೆಯು ಅದನ್ನು ಬಳಸಿಕೊಂಡು ಹೋಗುವುದು, ತಗ್ಗು ಬಂದರೆ ಅದರ ಅಂಚನ್ನು ಹಿಡಿಯುವುದು. ಮೈಲಿಗೆ ಕೆಲವೇ ಅಡಿಗಳ ಇಳಿಜಾರು. ಅದರ ಏರಿಯ ಮೇಲೆ ನಡೆಯುವವನಿಗೆ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಉಸಿರು ಕಟ್ಟದು, ಮಂಡಿಗೆ ಪೆಟ್ಟಾಗದು. ನೀರಿಗೆ ಸುಖವಾದ ದಾರಿಯನ್ನು ಹುಡುಕಿದ ಹಿಂದಿನವರು ಅರವತ್ತು ದಾಟಿದವರಿಗೂ ಸುಖವಾದ ದಾರಿಯನ್ನು ಮಾಡಿಟ್ಟು ಹೋಗಿರುವರು.

ಮೊದಲನೆಯ ನಡಿಗೆ: ದ್ವೀಪದಲ್ಲಿ

ಕಾವೇರಿಯು ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಎರಡು ಕವಲಾಗಿ ಒಡೆದು, ಊರನ್ನು ತಬ್ಬಿಕೊಂಡು, ಪೂರ್ವಕ್ಕೆ ಸಂಗಮದಲ್ಲಿ ಮತ್ತೆ ಒಂದಾಗುವುದು. ಈ ದ್ವೀಪದ ಉದ್ದ ಸುಮಾರು ಮೂರು ಮೈಲಿ, ಅಗಲ ಒಂದು ಮೈಲಿ. ಇಡೀ ದ್ವೀಪವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಂಡರೂ ನಡಿಗೆಯು ಎರಡು ಗಂಟೆಗೆ ಮೀರದು. ಮೈಸೂರಿನಿಂದ ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಬಂದಿಳಿಯಬಹುದು. ದೂರವು ಸುಮಾರು ೧೫ ಕಿಲೋಮೀಟರು.

ಕೋಟೆಯೊಳಗಣ ಶ್ರೀರಂಗನಾಥಸ್ವಾಮಿಯ ದರ್ಶನವನ್ನು ಮಾಡಿಕೊಂಡು ಪೂರ್ವಾಭಿಮುಖವಾಗಿ ಹೊರಡತಕ್ಕದ್ದು. ಕಾವೇರಿಯ ಮೂರು ದ್ವೀಪಗಳಲ್ಲಿ ರಂಗನಾಥನು ಪವಡಿಸಿರುವನು. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಕೋಟೆಯನ್ನು ಬಿಟ್ಟೊಡನೆ ಸಿಕ್ಕುವುದು ದರಿಯಾ ದೌಲತ್ ತೋಟ. ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದ ಈ ಬೇಸಗೆಯ ಅರಮನೆಯ ಗೋಡೆಗಳ ಮೇಲೆ ೧೭೮೦ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಚಿತ್ರವನ್ನು ನೋಡಿದ ಮೇಲೆ ತೋಟದ ಮರಗಳ ನೆರಳಿನಲ್ಲಿ ಕಾಲು ಗಂಟೆ ಕುಳಿತಿರುವುದು ಅವಶ್ಯ. ಮುಂದಣ ದಾರಿಗೆ ಅದು ಬೇಕಾಗುವುದು.

ಅಲ್ಲಿಂದ ಗಂಜಾಂ. ಒಂದು ಕಾಲಕ್ಕೆ ಅಂಜೂರದ ತೋಟಗಳಿಗೆ ಹೆಸರಾದ ಊರಿದು. ಹೆದ್ದಾರಿಯ ಗದ್ದಲವು ಇಲ್ಲಿಗೆ ಹಿಂದಾಗಿ, ತೆಂಗಿನ ತೋಟಗಳ ನಡುವೆ ದಾರಿಯು ತಣ್ಣಗಾಗುವುದು. ನದಿಯ ದಡದಲ್ಲಿ ನಿಮಿಷಾಂಬಾ ದೇವಿಯ ಗುಡಿ. ಭಕ್ತರ ಸಂದಣಿಯಿಲ್ಲದ ದಿನವಾದರೆ ಸೋಪಾನದ ಮೇಲೆ ಕುಳಿತು ನೀರನ್ನು ನೋಡುತ್ತಿರಬಹುದು. ಆಮೇಲೆ ಗುಂಬಜ್. ೧೭೮೨ರಲ್ಲಿ ಹೈದರಲಿಯು ಮಡಿದಮೇಲೆ ಮಗನು ಕಟ್ಟಿಸಿದ ಈ ಕಟ್ಟಡದಲ್ಲಿ ೧೭೯೯ರ ಮೇ ೪ರಂದು ಕೋಟೆಯಲ್ಲಿ ಹೋರಾಡಿ ಮಡಿದ ಆ ಮಗನನ್ನೂ ತಂದು ಮಲಗಿಸಿದರು. ಸಾಲುಮರಗಳ ನಡುವೆ ಅದರತ್ತ ನೇರವಾಗಿ ಹೋಗುವ ದಾರಿಯು ಎಂತಹವರ ಮಾತನ್ನೂ ತಗ್ಗಿಸುವುದು.

ಕೊನೆಯದು ಸಂಗಮ. ಅಗಲಿ ಹೋದ ಎರಡು ಕವಲುಗಳು ಇಲ್ಲಿ ಸೇರುವುವು. ಚಳಿಗಾಲದ ಬೆಳಗಿನಲ್ಲಿ ನೀರು ಬಂಡೆಗಳ ನಡುವೆ ಸಣ್ಣಗೆ ಸದ್ದು ಮಾಡುತ್ತ ಹರಿಯುವುದು, ಹರಿಗೋಲು ಕಟ್ಟಿರುವುದು, ಮಿಂಚುಳ್ಳಿಯೊಂದು ನೀಲಿಯ ಗೆರೆಯೆಳೆದಂತೆ ನೀರ ಮೇಲೆ ಹಾದುಹೋಗುವುದು. ನಾವು ಒಮ್ಮೆ ಎಂಟು ವರ್ಷದ ಮೊಮ್ಮಗಳನ್ನು ಇಲ್ಲಿಗೆ ಕರೆತಂದಿದ್ದಾಗ ಅವಳು ಬಹಳ ಹೊತ್ತು ನೀರನ್ನೇ ನೋಡಿ, “ತಾತ, ನಮ್ಮನೆ ನಲ್ಲೀಲಿ ಬರೋದೂ ಇದೇ ನೀರಾ?” ಎಂದು ಕೇಳಿದಳು. ಮೈಸೂರಿನ ಮನೆಗಳಿಗೆ ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳ ಯಂತ್ರಾಗಾರಗಳಿಂದ ಬರುವುದು ಕಾವೇರಿಯ ನೀರೇ ಎಂದು ವಿವರಿಸಿದೆವು. ಆಕೆ ಸ್ವಲ್ಪ ಯೋಚಿಸಿ, ದಡದಲ್ಲಿ ತೇಲುತ್ತಿದ್ದ ಹಳೆಯ ಬಟ್ಟೆಯ ಮುದ್ದೆಯನ್ನು ತೋರಿಸಿ, “ಮತ್ತೆ ಇದನ್ನ ಯಾಕೆ ಹಾಕ್ತಾರೆ?” ಎಂದಳು. ಆ ಪ್ರಶ್ನೆಗೆ ನಾವು ಕೊಟ್ಟ ಉತ್ತರವು ನಮಗೇ ಸಮಾಧಾನಕರವಾಗಿರಲಿಲ್ಲ. ಸ್ನಾನಮಾಡಿ ಉಟ್ಟ ಬಟ್ಟೆಯನ್ನು ನದಿಯಲ್ಲಿ ಬಿಟ್ಟು ಹೋಗುವ ರೂಢಿಯನ್ನು ಕೆಲವರು ಧರ್ಮವೆಂದು ತಿಳಿದಿರುವರು. ನೀರಿನಲ್ಲಿ ಉಗುಳುವುದನ್ನೂ, ಅಶುಚಿಯಾದುದನ್ನು ಹಾಕುವುದನ್ನೂ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಸ್ಪಷ್ಟವಾಗಿ ನಿಷೇಧಿಸಿದೆಯೆಂಬುದನ್ನು ಅವರಿಗೆ ತಿಳಿಸುವವರು ಬೇಕು.

ಎರಡನೆಯ ನಡಿಗೆ: ನಾಲೆಯ ಏರಿ

ದ್ವೀಪದ ನಡಿಗೆಯಲ್ಲಿ ಚರಿತ್ರೆಯು ಹೆಚ್ಚು; ನಾಲೆಯ ನಡಿಗೆಯಲ್ಲಿ ಹಸುರು ಹೆಚ್ಚು. ಶ್ರೀರಂಗಪಟ್ಟಣದ ಪಶ್ಚಿಮಕ್ಕೆ, ನದಿಯ ಬಲದಂಡೆಯಲ್ಲಿ ಪಾಲಹಳ್ಳಿ ಇದೆ. ಇಲ್ಲಿಂದ ವಿರಿಜಾ ನಾಲೆಯ ಪಕ್ಕದಲ್ಲಿ ನೀರು ಬರುವ ದಿಕ್ಕಿಗೆ ಮುಖವಾಗಿ ಒಂದು ಮೈಲಿಯನ್ನೋ ಎರಡು ಮೈಲಿಯನ್ನೋ ಶಕ್ತಿಯಿದ್ದಷ್ಟು ನಡೆದು, ಬಂದ ದಾರಿಯಲ್ಲಿಯೇ ಹಿಂದಿರುಗುವುದು ಸುಲಭ. ದಾರಿ ತಪ್ಪುವ ಭಯವಿಲ್ಲ; ನಾಲೆಯೇ ಮಾರ್ಗದರ್ಶಿ. ಹೋಗುವಾಗ ಕಂಡುದು ಬರುವಾಗ ಬೇರೆಯಾಗಿ ಕಾಣುವುದು, ಏಕೆಂದರೆ ಬೆಳಕಿನ ದಿಕ್ಕು ಬದಲಾಗಿರುವುದು.

ಮರಗಳ ಹೆಸರನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಹೊಂಗೆಯನ್ನು ತೋರಿಸಿ ಕರಂಜವೆನ್ನಬಹುದು, ಅತ್ತಿಯನ್ನು ಉದುಂಬರವೆನ್ನಬಹುದು, ನೇರಳೆಯನ್ನು ಜಂಬೂವೆನ್ನಬಹುದು. ಹೊಳೆಯ ಅಂಚಿನಲ್ಲಿ ಬೇರುಗಳನ್ನು ನೀರಿಗೆ ಚಾಚಿ ನಿಂತ, ಬೂದುಬಿಳುಪಿನ ನುಣುಪಾದ ತೊಗಟೆಯ ದೊಡ್ಡ ಮರವು ಹೊಳೆಮತ್ತಿ. ಕಾವ್ಯಗಳಲ್ಲಿ ಅರ್ಜುನವೆಂದೂ ಕಕುಭವೆಂದೂ ಓದಿ, ಟೀಕೆಯಲ್ಲಿ ‘ವೃಕ್ಷವಿಶೇಷ’ವೆಂದು ಮಾತ್ರ ಕಂಡು ಮುಂದೆ ಹೋದ ನಮ್ಮಂತಹ ವಿದ್ಯಾರ್ಥಿಗಳಿಗೆ, ಆ ವೃಕ್ಷವಿಶೇಷವು ದಿನವೂ ನಾವು ಬಟ್ಟೆಯೊಗೆಯುವ ಕಲ್ಲಿಗೆ ನೆರಳು ಕೊಡುವ ಮರವೇ ಎಂದು ತಿಳಿದಾಗ ಆಗುವ ಸಂತೋಷವು ಸಾಮಾನ್ಯವಲ್ಲ. ಗದ್ದೆಯ ಬದುವಿನಲ್ಲಿ ಬೆಳ್ಳಕ್ಕಿಗಳು ಎತ್ತುಗಳ ಹಿಂದೆ ನಡೆಯುವುವು. ಈಚಲ ಗರಿಗಳಲ್ಲಿ ಗೀಜಗನ ಗೂಡುಗಳು ತೂಗುವುವು. ಸಂಕ್ರಾಂತಿಯ ಮುಂಚೆ ಪಕ್ಕದಲ್ಲಿ ಆಲೆಮನೆಯೊಂದು ನಡೆಯುತ್ತಿದ್ದರೆ ಬೇಯುವ ಕಬ್ಬಿನ ಹಾಲಿನ ವಾಸನೆಯು ಎರಡು ಫರ್ಲಾಂಗಿನವರೆಗೂ ಎದುರುಗೊಳ್ಳುವುದು.

ಈ ಏರಿಯ ಮೇಲೆ ಒಂದು ದಿನ ನಾವೂ ನಮ್ಮ ಮನೆಯವರೂ ನಿಧಾನವಾಗಿ ಹೋಗುತ್ತಿರಲು, ಕುಡುಗೋಲನ್ನು ಹಿಡಿದು ಎದುರಾದ ರೈತರೊಬ್ಬರು ನಿಂತು, “ಏನ್ ಸ್ವಾಮಿ, ಗಾಡಿ ಕೆಟ್ಟೋಯ್ತಾ?” ಎಂದು ಮರುಕದಿಂದ ವಿಚಾರಿಸಿದರು.

“ಇಲ್ಲಪ್ಪ, ನಡೆಯೋಣವೆಂದೇ ಬಂದೆವು” ಎಂದೆವು.

“ನಡೆಯಾಕೇ ಬಂದ್ರಾ?” ಎಂದು ಆತನು ಒಂದು ಕ್ಷಣ ನಮ್ಮಿಬ್ಬರನ್ನೂ ನೋಡಿ ನಕ್ಕು, “ಬನ್ನಿ ಬನ್ನಿ, ಒಳ್ಳೇದೇ ಆಯ್ತು. ನಮ್ಮಪ್ಪನ ಕಾಲ್ದಲ್ಲಿ ಸಂತೆಗೋಗೋರೆಲ್ಲ ಇದೇ ದಾರಿ ಮೇಲೇ ಓಗೋರು. ಈಗ ನಮ್ಮ ಐಕಳು ಗದ್ದೆಗೆ ಬರಕ್ಕೂ ಬೈಕ್ ಬೇಕು ಅಂತವೆ. ನಡೆಯೋರು ಇಲ್ಲ, ಅದ್ಕೇ ಮುಂದ್ಕೆ ಮುಳ್ಳು ಬೆಳ್ಕಂಡದೆ. ಅಮ್ಮಾವ್ರೇ, ಸೀರೆ ಜ್ವಾಪಾನ” ಎಂದು ಹೇಳಿ, ತಾನೇ ಮುಂದೆ ಹೋಗಿ ಕುಡುಗೋಲಿನಿಂದ ನಾಲ್ಕು ಮುಳ್ಳುಗೊಂಬೆಗಳನ್ನು ಸವರಿ ದಾರಿಯನ್ನು ಬಿಡಿಸಿಕೊಟ್ಟರು. ಆ ಮಾತಿನ ತಾತ್ಪರ್ಯಕ್ಕೆ ನಾವು ಲೇಖನದ ಕೊನೆಯಲ್ಲಿ ಬರುವೆವು.

ಪಾಲಹಳ್ಳಿಯ ಸಮೀಪದಲ್ಲಿಯೇ ರಂಗನತಿಟ್ಟು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಅಡ್ಡಲಾಗಿ ಕಟ್ಟೆಯನ್ನು ಹಾಕಿದಾಗ ಇಲ್ಲಿಯ ತಿಟ್ಟುಗಳು ಉಂಟಾದುವೆಂದು ಹೇಳುವರು. ೧೯೪೦ರಲ್ಲಿ ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಇಲ್ಲಿಯ ಪಕ್ಷಿಸಮೂಹವನ್ನು ಕಂಡು, ಇದನ್ನು ರಕ್ಷಿಸಬೇಕೆಂದು ಮೈಸೂರಿನ ಮಹಾರಾಜರಿಗೆ ಬಿನ್ನವಿಸಿದ ಫಲವಾಗಿ ಪಕ್ಷಿಧಾಮವಾಯಿತು. ೨೦೨೨ರಲ್ಲಿ ಇದು ಅಂತರರಾಷ್ಟ್ರೀಯ ಪ್ರಾಮುಖ್ಯದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ವಿಸ್ತಾರವು ಒಂದು ಚದರ ಕಿಲೋಮೀಟರನ್ನೂ ಮುಟ್ಟದು. ಆದರೆ ಆ ಅಲ್ಪ ಸ್ಥಳದಲ್ಲಿ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಬಾಯ್ತೆರೆದ ಕೊಕ್ಕಿನ ಕೊಕ್ಕರೆ, ನೀರುಕಾಗೆ, ಹೊಳೆಯ ರೀವಗಳು ಗೂಡುಕಟ್ಟುವುವು. ಮರಗಳಲ್ಲಿ ತಲೆಕೆಳಗಾಗಿ ತೊಗಲುಬಾವಲಿಗಳು. ಬಂಡೆಗಳ ಮೇಲೆ ಬಾಯ್ದೆರೆದು ಬಿಸಿಲು ಕಾಯುವ ಮೊಸಳೆಗಳು. ಮಾಘ ಫಾಲ್ಗುಣಗಳಲ್ಲಿ ಹೋದರೆ ಗೂಡಿನಲ್ಲಿ ಮರಿಗಳನ್ನೂ ಕಾಣಬಹುದು. ನಡೆಯಲಾರದವರು ದೋಣಿಯಲ್ಲಿ ಕುಳಿತು ನೋಡುವ ಅನುಕೂಲವುಂಟು.

ಮೂರನೆಯ ನಡಿಗೆ: ಲೋಕಪಾವನಿ ಮತ್ತು ಕರಿಘಟ್ಟ

ಮೊದಲೆರಡು ನಡಿಗೆಗಳಿಂದ ಕಾಲು ಪಳಗಿದವರು ಇದಕ್ಕೆ ಕೈಹಾಕಬಹುದು. ದ್ವೀಪದ ಈಶಾನ್ಯಕ್ಕೆ ಕರಿಘಟ್ಟವೆಂಬ ಗುಡ್ಡವೊಂದಿದೆ. ಅದರ ಬುಡದಲ್ಲಿ ಹರಿದು ಬಂದು ಕಾವೇರಿಯನ್ನು ಸೇರುವುದು ಲೋಕಪಾವನಿ ನದಿ. ಹೆಸರು ದೊಡ್ಡದು, ನದಿ ಚಿಕ್ಕದು. ಅದರ ದಡದ ತೆಂಗು ಹೊಂಗೆಗಳ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಲು ಬಹಳ ಒಳ್ಳೆಯ ಸ್ಥಳಗಳಿವೆ. ಶಕ್ತರು ಮೆಟ್ಟಿಲುಗಳನ್ನು ಹತ್ತಿ ಕಪ್ಪುಶಿಲೆಯ ಶ್ರೀನಿವಾಸಸ್ವಾಮಿಯ ದರ್ಶನವನ್ನು ಮಾಡಬಹುದು. ಅಶಕ್ತರಿಗೆ ವಾಹನದ ರಸ್ತೆಯೂ ಉಂಟು. ಮೇಲಿನಿಂದ ನೋಡಿದರೆ, ತಾವು ಮೊದಲ ದಿನ ನಡೆದ ದ್ವೀಪವೂ, ಎರಡನೆಯ ದಿನ ಅನುಸರಿಸಿದ ಹಸುರಿನ ಪಟ್ಟಿಯೂ, ಅದರಾಚೆಗಿನ ಕೆಂಪು ಹೊಲವೂ ಒಂದೇ ನೋಟಕ್ಕೆ ದೊರೆಯುವುವು. ಆಗ ಈ ಕಣಿವೆಯು ನಮ್ಮದಾಯಿತೆಂದು ಮನಸ್ಸಿಗೆ ಅನಿಸುವುದು. ಕಾರಿನಲ್ಲಿ ನೇರವಾಗಿ ಮೇಲಕ್ಕೆ ಬಂದವನಿಗೆ ಇದೇ ನೋಟವು ಒಂದು ಚಿತ್ರಪಟ ಮಾತ್ರ.

ಊರನ್ನು ಬಿಟ್ಟು ಹೊರಡಲಾರದವರಿಗೂ ಉಪಾಯವಿದೆ. ಮೈಸೂರಿನವರಿಗೆ ಕುಕ್ಕರಹಳ್ಳಿಯ ಕೆರೆಯ ಏರಿಯಿದೆ. ೧೮೬೪ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಈ ಕೆರೆಯ ಸುತ್ತಣ ದಾರಿಯು ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು. ಕುವೆಂಪು ಅವರು ಅಡ್ಡಾಡಿದ ಏರಿ ಅದು. ನದೀತೀರಕ್ಕೆ ಹೊರಡುವ ಮೊದಲು ಹದಿನೈದು ದಿನ ಇಲ್ಲಿ ಅಭ್ಯಾಸಮಾಡಿದರೆ ಕಾಲುಗಳು ತಾವಾಗಿಯೇ ಸಿದ್ಧವಾಗುವುವು. ಬೇರೆ ಊರಿನವರಿಗೆ ಅವರ ಊರಿನ ಕೆರೆಯೋ, ತೊರೆಯೋ ಇದ್ದೇ ಇರುವುದು.

ಕಾಲ, ಬುತ್ತಿ, ಎಚ್ಚರ

ಈ ನಡಿಗೆಗಳಿಗೆ ಪ್ರಶಸ್ತವಾದ ಕಾಲವು ಕಾರ್ತಿಕದಿಂದ ಮಾಘದವರೆಗೆ, ಎಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ. ಆಷಾಢ ಶ್ರಾವಣಗಳಲ್ಲಿ ನದಿಯು ತುಂಬಿರುವುದು. ದಡದ ಹತ್ತಿರಕ್ಕೆ ಹೋಗತಕ್ಕದ್ದಲ್ಲ. ಬೆಳಗ್ಗೆ ಆರೂವರೆಗೆ ಹೊರಟು ಹತ್ತು ಗಂಟೆಯೊಳಗೆ ನಡಿಗೆಯನ್ನು ಮುಗಿಸುವುದು ಒಳ್ಳೆಯದು. ವಯಸ್ಸಾದವರೂ ಮಕ್ಕಳೂ ಜೊತೆಗಿದ್ದರೆ ಗಂಟೆಗೆ ಎರಡು ಮೈಲಿಯ ಲೆಕ್ಕ ಸಾಕು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟು ಉಳಿದವರು ಅವರ ಹಿಂದೆ ನಡೆಯತಕ್ಕದ್ದು. ಹಿಂದುಳಿದೆನೆಂಬ ಸಂಕೋಚವು ಆಗ ಯಾರಿಗೂ ಆಗದು.

ಕಾಲಿಗೆ ಹಳೆಯದಾಗಿ ಒಗ್ಗಿದ ಜೋಡು, ಕೈಗೊಂದು ಕೋಲು, ತಲೆಗೊಂದು ಟೋಪಿ ಅಥವಾ ಸೆರಗು, ಕುಡಿಯಲು ಮನೆಯ ನೀರು. ಬುತ್ತಿಗೆ ಮೊಸರನ್ನ, ನಿಂಬೆಹಣ್ಣಿನ ಚಿತ್ರಾನ್ನ, ಸೌತೆಕಾಯಿ, ಹುರಿದ ಕಡಲೆಕಾಯಿ ಸಾಕು. ಸಕ್ಕರೆಯ ಕಾಯಿಲೆಗೆ ಔಷಧಿಯನ್ನು ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಬಾರದು. ತಲೆಸುತ್ತು, ಬೆವರು, ನಡುಕ ಬಂದರೆ ಬಾಯಿಗೆ ಹಾಕಿಕೊಳ್ಳಲು ಒಂದು ಚೂರು ಬೆಲ್ಲವನ್ನು ಇಟ್ಟುಕೊಳ್ಳತಕ್ಕದ್ದು. ಹೃದಯದ ಕಾಯಿಲೆಯುಳ್ಳವರು ತಮ್ಮ ವೈದ್ಯರನ್ನು ಕೇಳಿ ಹೊರಡಲಿ. ಹೆಂಗಸರಿಗೆ ಶೌಚದ ಅನುಕೂಲವು ದಾರಿಯುದ್ದಕ್ಕೂ ದೊರೆಯದ ಕಾರಣ, ದರಿಯಾ ದೌಲತ್, ರಂಗನತಿಟ್ಟುಗಳಂತಹ ಸ್ಥಳಗಳನ್ನು ಗಮನದಲ್ಲಿಟ್ಟುಕೊಂಡು ದಾರಿಯನ್ನು ನಿಶ್ಚಯಿಸುವುದು ಮೇಲು. ಈ ಒಂದು ಚಿಂತೆಯಿಂದಲೇ ಎಷ್ಟೋ ಮಂದಿ ಗೃಹಿಣಿಯರು ನಡಿಗೆಗೆ ಬರಲು ಒಲ್ಲೆನೆನ್ನುವರು. ಕಾರಣವನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಗಂಡಸರು ಇದನ್ನು ತಾವಾಗಿಯೇ ತಿಳಿದು ಏರ್ಪಾಡು ಮಾಡಬೇಕು.

ಇನ್ನು ನೀರಿನ ವಿಷಯ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸಂಗಮದಲ್ಲಿಯೂ ಬಲಮುರಿಯಲ್ಲಿಯೂ ನೀರು ಮಂಡಿಯುದ್ದವೆಂದು ಕಂಡರೂ ಬಂಡೆಗಳ ನಡುವೆ ಆಳವಾದ ಮಡುಗಳಿವೆ; ಪಾಚಿಗಟ್ಟಿದ ಕಲ್ಲು ಕಾಲನ್ನು ನಿಲ್ಲಗೊಡದು. ಮೇಲಿನ ಅಣೆಕಟ್ಟಿನಿಂದ ನೀರನ್ನು ಬಿಟ್ಟರೆ ಆಕಾಶದಲ್ಲಿ ಮೋಡವಿಲ್ಲದಿದ್ದರೂ ಪ್ರವಾಹವೇರುವುದು. ಈಜು ಬಲ್ಲ ತರುಣರೇ ಇಲ್ಲಿ ಪ್ರಾಣವನ್ನು ಕಳೆದುಕೊಂಡಿರುವರು. ನಾಲೆಗಳಲ್ಲಿಯೂ ಹಾಗೆಯೇ. ಕಾಂಕ್ರೀಟನ್ನು ಹೊದಿಸಿದ ದೊಡ್ಡ ನಾಲೆಯ ಪಕ್ಕಗಳು ನುಣುಪಾಗಿರುವುವು, ಬಿದ್ದವರಿಗೆ ಹಿಡಿದುಕೊಳ್ಳಲು ಹುಲ್ಲುಕಡ್ಡಿಯೂ ದೊರೆಯದು. ೨೦೧೮ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ ೩೦ ಮಂದಿ ಮಡಿದರು; ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಇದ್ದರು. ಆದುದರಿಂದ ಮಕ್ಕಳೊಡನೆ ಹೋಗುವವರು ದೊಡ್ಡ ನಾಲೆಗಳನ್ನು ಬಿಟ್ಟು ಹಳೆಯ ಚಿಕ್ಕ ನಾಲೆಗಳನ್ನೇ ಆರಿಸಿಕೊಳ್ಳಬೇಕು. ಮಗುವು ಯಾವಾಗಲೂ ಹಿರಿಯರ ಕೈಯಲ್ಲಿ, ನೀರಿಗೆ ದೂರವಾದ ಪಕ್ಕದಲ್ಲಿರಬೇಕು. ನದಿಯನ್ನು ನೋಡುವುದಕ್ಕೆ ಅದರಲ್ಲಿ ಇಳಿಯಬೇಕಾದುದಿಲ್ಲ.

ದಾರಿ ಉಳಿಯಬೇಕಾದರೆ

ಇಷ್ಟನ್ನು ಹೇಳಿದಮೇಲೆ ಆ ರೈತರ ಮಾತಿಗೆ ಬರುವೆವು. ನಡೆಯುವವರಿಲ್ಲ, ಆದುದರಿಂದ ಮುಳ್ಳು ಬೆಳೆದಿದೆ ಎಂದು ಆತನು ಹೇಳಿದುದು ಆ ಒಂದು ಏರಿಯ ಸಂಗತಿ ಮಾತ್ರವಲ್ಲ. ನಮ್ಮ ನಾಡಿನ ಪ್ರತಿಯೊಂದು ಹಳ್ಳಿಯ ನಕಾಶೆಯಲ್ಲಿಯೂ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕೆಗೆರೆಗಳಿಂದ ಗುರುತಿಸಿರುವರು. ಕಾಗದದ ಮೇಲೆ ಆ ಚುಕ್ಕೆಗಳು ಹಾಗೆಯೇ ಇರುವುವು. ನೆಲದ ಮೇಲೆ ಅವು ಒಂದೊಂದಾಗಿ ಅಳಿಸಿಹೋಗುತ್ತಿವೆ. ಮೊದಲು ಮುಳ್ಳು ಬೆಳೆಯುವುದು, ಆಮೇಲೆ ಪಕ್ಕದ ಹೊಲದವನು ಒಂದು ಸಾಲನ್ನು ಮುಂದಕ್ಕೆ ಉಳುವನು, ಆಮೇಲೆ ಯಾರೋ ತಂತಿಯ ಬೇಲಿಯನ್ನು ಹಾಕುವರು, ಕಡೆಗೆ ಬಡಾವಣೆಯ ಕಲ್ಲುಗಳು ಏಳುವುವು. ಅಲ್ಲಿ ದಾರಿಯಿತ್ತೆಂದು ಹೇಳಲು ಆ ಹೊತ್ತಿಗೆ ನಡೆದು ಬಲ್ಲವರು ಯಾರೂ ಉಳಿದಿರುವುದಿಲ್ಲ.

ಆಂಗ್ಲ ದೇಶದಲ್ಲಿ ೧೯೪೯ರಲ್ಲಿಯೇ ಒಂದು ಶಾಸನವನ್ನು ಮಾಡಿ, ಹೊಲಗದ್ದೆಗಳ ನಡುವಣ ಸಾರ್ವಜನಿಕ ಕಾಲುದಾರಿಗಳನ್ನು ನಕಾಶೆಯಲ್ಲಿ ಬರೆದಿಡುವ ಏರ್ಪಾಡು ಮಾಡಿದರು. ಥೇಮ್ಸ್ ನದಿಯ ಉಗಮದ ಕಡೆಯಿಂದ ಲಂಡನ್ನಿನವರೆಗೆ, ೧೮೦ ಮೈಲಿಗಳಿಗೂ ಮಿಕ್ಕಿ, ದಡವನ್ನು ಹಿಡಿದು ನಡೆಯಬಹುದಾದ ದಾರಿಯನ್ನು ೧೯೯೬ರಲ್ಲಿ ಜನರಿಗೆ ತೆರೆದರು. ಅಲ್ಲಿಯ ಶಾಸನವು ಬಲವಾಗಿರುವುದಕ್ಕೆ ಕಾರಣ, ಭಾನುವಾರ ಬಂದರೆ ಜೋಡನ್ನು ಮೆಟ್ಟಿ ಹೊರಡುವ ಜನರಿರುವುದು. ಕಾವೇರಿಯು ಥೇಮ್ಸಿಗಿಂತ ಉದ್ದವಾದ ನದಿ. ತಲಕಾವೇರಿಯಿಂದ ಸಮುದ್ರದವರೆಗೆ ಸುಮಾರು ೮೦೦ ಕಿಲೋಮೀಟರು ಹರಿಯುವಳು. ಅವಳ ದಡದಲ್ಲಿ ಹತ್ತು ಮೈಲಿಯನ್ನಾದರೂ ತಡೆಯಿಲ್ಲದೆ ನಡೆಯುವ ದಾರಿಯನ್ನು ನಮ್ಮ ಮಕ್ಕಳಿಗೆ ಉಳಿಸಿಕೊಡಬಾರದೆ?

ಇದಕ್ಕೆ ಸರ್ಕಾರವು ಮಾಡಬೇಕಾದುದು ಎಷ್ಟೋ ಇದೆ. ಅದನ್ನು ಕೇಳುವ ಹಕ್ಕು ನಮಗಿದೆ. ಆದರೆ ಗೃಹಸ್ಥರಿಂದ ಆಗತಕ್ಕುದು ಬಹು ಸುಲಭವಾಗಿದೆ. ತಿಂಗಳಿಗೊಂದು ಭಾನುವಾರ ಮನೆಮಂದಿಯೆಲ್ಲ ಸೇರಿ ಒಂದು ಕಾಲುದಾರಿಯಲ್ಲಿ ಎರಡು ಮೈಲಿ ನಡೆಯುವುದು. ಎದುರಾದ ಹಳ್ಳಿಯವರನ್ನು ಮಾತನಾಡಿಸಿ ಆ ದಾರಿಯ ಹೆಸರನ್ನೂ ಅದು ಎಲ್ಲಿಗೆ ಹೋಗುವುದೆಂಬುದನ್ನೂ ಕೇಳಿ ತಿಳಿಯುವುದು. ತಂದ ಎಲೆ, ಕಾಗದ, ಪ್ಲಾಸ್ಟಿಕ್ಕುಗಳನ್ನು ಚೀಲದಲ್ಲಿ ಹಿಂದಕ್ಕೆ ತರುವುದು. ಬೆಳೆಯನ್ನು ತುಳಿಯದೆ ಬದುವಿನ ಮೇಲೆಯೇ ಹೋಗುವುದು. ಇಷ್ಟನ್ನು ಮಾಡಿದರೆ ಮುಳ್ಳು ಬೆಳೆಯಲು ಎಡೆಯಿರದು. ಗದ್ದೆಯ ಯಜಮಾನನಿಗೂ ಈ ದಾರಿಯನ್ನು ಬೇಕೆನ್ನುವವರು ಇರುವರೆಂದು ತಿಳಿಯುವುದು. ಮನೆಯಲ್ಲಿಯೇ ಕುಳಿತು ಕಾಲು ಹಿಡಿದುಹೋಯಿತೆಂದು ಕೊರಗುವ ಹಿರಿಯರಿಗೆ ಆ ಕಾಲೇ ಒಂದು ಲೋಕೋಪಕಾರವನ್ನು ಮಾಡಬಲ್ಲುದೆಂದು ತಿಳಿದರೆ ಆಗುವ ಉತ್ಸಾಹವು ಯಾವ ತೈಲದಿಂದಲೂ ಆಗದು.

ಬರುವ ಕಾರ್ತಿಕಮಾಸಕ್ಕೆ ಇನ್ನೂ ಅವಕಾಶವಿದ್ದರೆ ಇಂದಿನಿಂದಲೇ ಊರ ಕ��ರೆಯ ಏರಿಯ ಮೇಲೆ ಅಭ್ಯಾಸವನ್ನು ಆರಂಭಿಸಬಹುದು. ಕಾರ್ತಿಕವು ಬಂದೇ ಬಿಟ್ಟಿದ್ದರೆ ಬುತ್ತಿಯನ್ನು ಕಟ್ಟಲು ತಡಮಾಡಬೇಕಾದುದಿಲ್ಲ.